ಪಕ್ಕದ ಸೀಟಿನ ಕ್ಲಚ್

ಯಶೋಧಾ ಕ್ಲಚ್ ಒತ್ತಿದಳು. ಕಾಲು ಸೀದಾ ನೆಲ ಮುಟ್ಟಿತು. ತುಂಬಿದ ಕೊಡ ಅಂತ ದಮ್ಮು ಕಟ್ಟಿ ಎತ್ತಿದರೆ ಖಾಲಿ ಕೊಡ ಕೈಗೆ ಬಂದ ಹಾಗಾಯಿತು.

"ಸರ್, ಗಾಡಿ ಕೆಟ್ಟೋಗಿದೆ."

"ಕೆಟ್ಟಿಲ್ಲ ಕಣ್ರೀ, ರಿಪೇರಿ ಆಗಿದೆ," ಅಂದ ಸಿದ್ದು. "ನಿನ್ನೆ ಹೊಸ ಕ್ಲಚ್ ಹಾಕ್ಸಿದೀವಿ. ಪ್ಲೇಟು, ಕೇಬಲ್ಲು ಎಲ್ಲಾ ಹೊಸದು. ಇನ್ಮೇಲೆ ಹಿಂಗೇ."

"ಏನೂ ಇಲ್ವಲ್ಲ ಸರ್ ಇದರಲ್ಲಿ. ಬೆಣ್ಣೆ ಮೇಲೆ ಕಾಲಿಟ್ಟಂಗಿದೆ."

"ಇಷ್ಟು ದಿನ ನೀವು ಒತ್ತಿದ್ದು ರುಬ್ಬೋ ಕಲ್ಲು. ಕ್ಲಚ್ ಅಂದ್ರೆ ಇದು. ಮೊದ್ಲು ಮೇಲೆಲ್ಲೋ ಹಿಡೀತಿತ್ತು, ಈಗ ಕೆಳಗೇ ಹಿಡಿಯುತ್ತೆ. ನಿಧಾನಕ್ಕೆ ಬಿಡಿ."

ಬಿಟ್ಟಳು. ಕಾರು ಹಗ್ಗ ಕಿತ್ತ ಮೇಕೆಯಂತೆ ಒಂದು ನೆಗೆತ ನೆಗೆದು ಸತ್ತಿತು.

ಸಿದ್ದು ಬೈಯಲಿಲ್ಲ. ಅದೇ ವಿಚಿತ್ರ. ವಿದ್ಯಾರಣ್ಯಪುರದ ಆ ಡ್ರೈವಿಂಗ್ ಸ್ಕೂಲಿನಲ್ಲಿ ಸಿದ್ದು ಅಂದರೆ ಕೋಪ, ಕೋಪ ಅಂದರೆ ಸಿದ್ದು. ಒಂಬತ್ತನೇ ಕ್ಲಾಸಿನಲ್ಲಿ ಮೇಷ್ಟ್ರು ಅಪ್ಪನ ಹೆಸರು ಎತ್ತಿ ಏನೋ ಅಂದರು ಅಂತ ಬ್ಯಾಗು ಬಿಸಾಕಿ ಎದ್ದು ಬಂದವನು ಮತ್ತೆ ಸ್ಕೂಲಿನ ಕಡೆ ತಲೆ ಹಾಕಿರಲಿಲ್ಲ. ಆಟೋದವರಿಗೆ ಬೈಯುತ್ತಿದ್ದ, ಹಂಪ್‌ಗೆ ಬಣ್ಣ ಬಳಿಯದವರಿಗೆ ಬೈಯುತ್ತಿದ್ದ, ಫೋನು ಒತ್ತಿಕೊಂಡು ರಸ್ತೆ ದಾಟುವ ಕಾಲೇಜು ಹುಡುಗರ ವಂಶವನ್ನೆಲ್ಲ ಜಾಲಾಡುತ್ತಿದ್ದ. ಕಲಿಯಲು ಬಂದ ಬ್ಯಾಂಕ್ ಮ್ಯಾನೇಜರ್ ಒಬ್ಬರು ಅವನ ಬಾಯಿಗೆ ಹೆದರಿ ಅರ್ಧಕ್ಕೇ ಬಿಟ್ಟು ಹೋಗಿದ್ದರು.

ಯಶೋಧಾಳಿಗೆ ಮಾತ್ರ ಇದುವರೆಗೆ ಒಂದು ಬೈಗುಳವೂ ಬಿದ್ದಿರಲಿಲ್ಲ. ನಾನು ಚೆನ್ನಾಗಿ ಓಡಿಸ್ತೀನಲ್ಲ, ಅದಕ್ಕೇ ಇರಬೇಕು ಅಂದುಕೊಂಡಿದ್ದಳು. ಮೊದಮೊದಲು ಆ ಹಳೇ ಕ್ಲಚ್ ಒತ್ತಿ ಮನೆಗೆ ಹೋದರೆ ರಾತ್ರಿಯೆಲ್ಲ ಮಂಡಿ ನೋವು. ಆಮೇಲಾಮೇಲೆ ಹಗುರವಾಯಿತು. ಅದೇ ಕಾರಿನಲ್ಲಿ ಕಲಿಯುತ್ತಿದ್ದ ರುಖ್ಸಾರ್, "ಎಡಗಾಲೇ ಬಿದ್ದೋಯ್ತು ಕಣೇ, ನಿಂಗೇನೂ ಆಗಲ್ವಾ?" ಅಂತ ಕೇಳಿದಾಗ ಯಶೋಧಾ, "ಅಭ್ಯಾಸ ಆಗ್ಬೇಕು ಅಷ್ಟೆ," ಅಂತ ದೊಡ್ಡ ಡ್ರೈವರಮ್ಮನ ಹಾಗೆ ಹೇಳಿದ್ದಳು.

ಡ್ರೈವರಮ್ಮ ಆಗಲೇಬೇಕಿತ್ತು. ವಿದ್ಯಾರಣ್ಯಪುರದ ಪಕ್ಕದಲ್ಲೇ ಇರುವ ಸಿಂಗಾಪುರದಲ್ಲಿ ಅವರದ್ದು ದೋಸೆ ಹಿಟ್ಟಿನ ವ್ಯಾಪಾರ. ಅಮ್ಮ ನಾರಾಯಣಮ್ಮ ರುಬ್ಬುವುದು, ಅಪ್ಪ ಚಿಕ್ಕಹನುಮಯ್ಯ ಬೆಳಿಗ್ಗೆ ವ್ಯಾನಿನಲ್ಲಿ ಅಂಗಡಿಗಳಿಗೆ ಹಾಕಿ ಬರುವುದು. ಹೋದ ವರ್ಷ ಅಪ್ಪನ ಕಣ್ಣು ಮಂಜಾಯಿತು. ಆಪರೇಷನ್ ಆದರೂ ಪಕ್ಕದಿಂದ ಬರುವುದು ಕಾಣುವುದಿಲ್ಲ. ಬಾಡಿಗೆಗೆ ಬರುವ ಡ್ರೈವರ್ ಕಾಶಿನಾಥ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಹಿಟ್ಟು ಯಾರಿಗೂ ಕಾಯುವುದಿಲ್ಲ, ಹುಳಿ ಬರುತ್ತದೆ. ಈಗಾಗಲೇ ಒಂದಿಬ್ಬರು ಅಂಗಡಿಯವರು ಬೇಡಮ್ಮ ಅಂದುಬಿಟ್ಟಿದ್ದರು. ಲೈಸೆನ್ಸ್ ಬಂದರೆ ಅವಳೇ ಓಡಿಸುತ್ತಾಳೆ. ಬಾರದಿದ್ದರೆ ವ್ಯಾನು ಮಾರುವುದು ಅಂತ ಮನೆಯಲ್ಲಿ ಮಾತಾಗಿತ್ತು.

ಟೆಸ್ಟ್ ಗುರುವಾರ. ಇವತ್ತು ಮಂಗಳವಾರ. ಇವತ್ತು ನೋಡಿದರೆ ಈ ಬೆಣ್ಣೆ.

ಮತ್ತೆ ಸ್ಟಾರ್ಟ್ ಮಾಡಿದಳು. ಮತ್ತೆ ನಿಂತಿತು. ಹೇಗೋ ಹೊರಟಿತು.

ಆ ಕಾರಿನಲ್ಲಿ ಎರಡು ಕನ್ನಡಿ. ಒಂದು ಓಡಿಸುವವರಿಗೆ, ಒಂದು ಪಕ್ಕದಲ್ಲಿ ಕೂತು ಕಲಿಸುವವನಿಗೆ. ಕಲಿಸುವವನ ಕನ್ನಡಿ ಹಿಂದಿನ ರಸ್ತೆ ನೋಡಬೇಕು. ಆದರೆ ಅದರಲ್ಲಿ ಯಶೋಧಾಳಿಗೆ ಆಗಾಗ ಸಿದ್ದುವಿನ ಕಣ್ಣು ಕಾಣುತ್ತಿತ್ತು. ಅಂದರೆ ಅವನಿಗೂ ಇವಳ ಕಣ್ಣು ಕಾಣುತ್ತಿತ್ತು ಅಂತ ಲೆಕ್ಕ. ಸಿಕ್ಕಿಬಿದ್ದಾಗೆಲ್ಲ ಅವನು ಕಿಟಕಿಯಾಚೆ ಯಾರಾದರೂ ಬೈಯಲು ಸಿಗುತ್ತಾರಾ ಅಂತ ಹುಡುಕುತ್ತಿದ್ದ.

"ಸರ್, ಕನ್ನಡಿ ಸರಿಯಾಗಿದೆಯಾ ನಿಮ್ದು?"

"ಸರಿಯಾಗೇ ಇದೆ. ನೀವು ಮುಂದೆ ನೋಡಿ."

ಮುಂದೆ ಒಂದು ಹಂಪ್. ಸೆಕೆಂಡ್ ಗೇರಿಗೆ ಬರಬೇಕು. ಯಶೋಧಾ ಎಡಗಾಲನ್ನು ಪೆಡಲಿನ ಮೇಲಿಟ್ಟಳು, ಇನ್ನೂ ಒತ್ತಿರಲಿಲ್ಲ. ಪೆಡಲ್ ತಾನಾಗೇ ಕೆಳಗಿಳಿಯಿತು.

 ಇಳಿಯಿತು, ಗೇರ್ ಬಿದ್ದಮೇಲೆ ಮೆಲ್ಲಗೆ ಮೇಲೆ ಬಂತು, ಮಗುವನ್ನು ತೊಟ್ಟಿಲಿಗೆ ಹಾಕಿ ಕೈ ಬಿಡಿಸಿಕೊಳ್ಳುವಷ್ಟು ಮೆಲ್ಲಗೆ. ಅವಳ ಕಾಲು ಸುಮ್ಮನೆ ಅದರ ಜೊತೆ ಹೋಗಿ ಬಂದಿತ್ತು.

ಕಾರು ಪಕ್ಕಕ್ಕೆ ಹಾಕಿದಳು.

"ಸರ್, ಇದು ತಾನೇ ಒತ್ಕೊಳ್ತಿದೆ."

"ಏನು?"

"ಕ್ಲಚ್ಚು. ನಾನು ಒತ್ತೋಕೆ ಮುಂಚೆನೇ ಹೋಗ್ತಿದೆ ಕೆಳಗೆ. ಏನೋ ತಪ್ಪು ಫಿಟ್ ಮಾಡಿದಾರೆ. ನಾಡಿದ್ದು ಟೆಸ್ಟಲ್ಲಿ ಹಿಂಗಾದ್ರೆ ನನ್ ಗತಿ ಏನು? ನಡೀರಿ ಗ್ಯಾರೇಜಿಗೆ."

"ಹೊಸದು ಹಂಗೇ ಇರುತ್ತೆ ಕಣ್ರೀ, ಸೆಟ್ ಆಗೋವರೆಗೂ..."

"ಹೊಸದು ಮೆತ್ತಗಿರುತ್ತೆ ಸರಿ. ದೆವ್ವ ಹಿಡಿದಿರುತ್ತಾ?"

ಸಿದ್ದುವಿನ ಮುಖ ಕೆಂಪಾಯಿತು. ಕೋಪ ಬಂತು ಅಂದುಕೊಂಡಳು.

*

ವಾಜಿದ್ ಭಾಯ್ ಗ್ಯಾರೇಜ್ ಆರ್‌ಟಿ ನಗರದ ಒಂದು ಗಲ್ಲಿಯಲ್ಲಿತ್ತು. ಅಲ್ಲಿಯವರೆಗೂ ಸಿದ್ದುವೇ ಓಡಿಸಿದ. ಬಾಯಿ ಬಿಡಲಿಲ್ಲ. ಹೆಬ್ಬಾಳದಲ್ಲಿ ಒಬ್ಬ ಬೈಕಿನವನು ಅಡ್ಡ ಬಂದರೂ ಬಿಡಲಿಲ್ಲ. ಜ್ವರಗಿರ ಬಂದಿದೆಯೇನೋ ಅಂತ ಯಶೋಧಾ ಓರೆಗಣ್ಣಲ್ಲಿ ನೋಡಿದಳು.

ಗ್ಯಾರೇಜಿನಲ್ಲಿ ಇಳಿದದ್ದೇ ತಡ, ಅಷ್ಟೂ ಹೊತ್ತಿನದ್ದು ಒಟ್ಟಿಗೇ ಬಂತು.

"ಏನ್ ಭಾಯ್ ನಿಮ್ ಕೆಲಸ? ಪೆಡಲ್ ತಾನಾಗೇ ಇಳೀತಿದೆಯಂತೆ! ಕೇಬಲ್ ನೆಟ್ಟಗೆ ಕಟ್ಟೋಕೆ ಬರಲ್ವಾ?"

ವಾಜಿದ್ ಭಾಯ್‌ಗೆ ಐವತ್ತು ದಾಟಿತ್ತು. ಟೀ ಲೋಟ ಕೆಳಗಿಟ್ಟು ಸಿದ್ದುವಿನ ಮುಖವನ್ನೇ ನೋಡಿದರು. "ನನ್ ಕೇಬಲ್ಲು? ನೀನ್ ಹೇಳ್ತಿದೀಯಾ ಇದನ್ನ?"

"ನಾನೇ. ಇನ್ಯಾರು?"

"ಆಯ್ತಪ್ಪ. ನೋಡೋಣ. ನೀವು ಸ್ಟೇರಿಂಗಲ್ಲಿ ಕೂತ್ಕೊಳಮ್ಮ. ಒತ್ಬೇಡಿ, ಸುಮ್ನೆ ಕಾಲಿಡಿ."

ಯಶೋಧಾ ಕೂತು ಕಾಲಿಟ್ಟಳು. ವಾಜಿದ್ ಭಾಯ್ ಇನ್ನೊಂದು ಬಾಗಿಲು ತೆಗೆದು ಬಗ್ಗಿ, ಪಕ್ಕದ ಸೀಟಿನ ಮುಂದೆ ಕೆಳಗಿದ್ದ ಪೆಡಲನ್ನು ಕೈಯಲ್ಲಿ ಅದುಮಿದರು. ಅವಳ ಕಾಲ ಕೆಳಗಿನ ಪೆಡಲ್ ತಾನಾಗೇ ಇಳಿಯಿತು.

"ಹಿಂಗಾ?"

"...ಹಿಂಗೇ."

"ದೆವ್ವ ಅಲ್ಲಮ್ಮ. ಪಕ್ಕದಲ್ಲಿ ಕೂತವನ ಕಾಲು. ಸ್ಕೂಲ್ ಗಾಡೀಲಿ ಎರಡು ಪೆಡಲ್, ತಂತಿ ಒಂದೇ. ಅಲ್ಲಿ ಒತ್ತಿದ್ರೆ ಇಲ್ಲೂ ಹೋಗುತ್ತೆ. ಹಳೇ ಕ್ಲಚ್ ಗಟ್ಟಿ ಇತ್ತು, ನೀವು ಪೂರಾ ಜೋರಲ್ಲಿ ತುಳೀತಿದ್ರಿ, ಇನ್ನೊಬ್ಬನ ಕಾಲು ಗೊತ್ತಾಗ್ತಿರಲಿಲ್ಲ. ಈಗ ಹೂವಿನಂಗಿದೆ. ಎಲ್ಲಾ ಗೊತ್ತಾಗುತ್ತೆ." ಕೈ ಒರೆಸಿಕೊಳ್ಳುತ್ತಾ ಸಿದ್ದುವಿನ ಕಡೆ ತಿರುಗಿದರು. "ನಂಗೆ ಬೈಯೋದಿದ್ರೆ ಇನ್ನೊಂದ್ ಸಲ ಬೈ ಮಗಾ. ಟೀ ಕುಡಿದು ಕೇಳ್ತೀನಿ."

ಸಿದ್ದು ಅಲ್ಲಿ ನೇತುಹಾಕಿದ್ದ ಫ್ಯಾನ್ ಬೆಲ್ಟುಗಳನ್ನು ಜೀವನದಲ್ಲಿ ಮೊದಲ ಸಲ ಕಂಡವನಂತೆ ನೋಡುತ್ತಾ ನಿಂತಿದ್ದ.

*

ಗಲ್ಲಿಯ ತುದಿಯಲ್ಲಿ, ನಿಂತ ಕಾರಿನಲ್ಲಿ, ಯಶೋಧಾ ಎರಡೂ ಕೈ ಸ್ಟೇರಿಂಗ್ ಮೇಲಿಟ್ಟುಕೊಂಡು ಕೇಳಿದಳು.

"ಯಾವಾಗಿಂದ?"

"ಎರಡನೇ ವಾರದಿಂದ."

"ಎಲ್ರಿಗೂ ಮಾಡ್ತೀರಾ?"

"ಇಲ್ಲ."

"ರುಖ್ಸಾರ್‌ಗೆ?"

"ಅವ್ರಿಗ್ಯಾಕೆ ಮಾಡ್ಲಿ?"

"ನಂಗ್ಯಾಕೆ ಮಾಡುದ್ರಿ ಮತ್ತೆ?"

ಸಿದ್ದುವಿಗೆ ರೇಗಿತು. ಉತ್ತರ ಗೊತ್ತಿಲ್ಲದಿದ್ದರೆ ರೇಗುತ್ತಿದ್ದ, ಗೊತ್ತಿದ್ದರೆ ಇನ್ನೂ ಜೋರಾಗಿ. "ಕ್ಲಚ್ ಒತ್ತುವಾಗೆಲ್ಲ ನೀವು ತುಟಿ ಕಚ್ಕೊಳ್ತೀರಿ! ಗೊತ್ತಾ ನಿಮಗೆ? ಒಂದಿನ ರಕ್ತ ಬಂದಿತ್ತು. ಕರ್ಚೀಫಲ್ಲಿ ಒರೆಸ್ಕೊಂಡು ಮತ್ತೆ ಒತ್ತುದ್ರಿ. ನಾನ್ ಅದನ್ನ ನೋಡ್ಕೊಂಡು ಕೂತಿರಬೇಕಿತ್ತಾ? ಹಳೇ ಡಬ್ಬಾ ಗಾಡಿ, ಓನರ್‌ಗೆ ಹೇಳಿ ಹೇಳಿ ಸಾಕಾಯ್ತು, ಕ್ಲಚ್ ಹಾಕ್ಸಿ ಅಂತ. ಹಾಕ್ಸೋವರೆಗೂ ಒತ್ತಿದೆ. ಏನೀಗ?"

ಯಶೋಧಾಳ ಕೈ ತಾನಾಗೇ ತುಟಿಗೆ ಹೋಯಿತು. ಹಿತವಾಯಿತು, ಸುಳ್ಳು ಯಾಕೆ. ಯಾರೂ ತನ್ನ ತುಟಿಯನ್ನು ಅಷ್ಟು ದಿನ ಅಷ್ಟು ಗಮನ ಇಟ್ಟು ನೋಡಿರಲಿಲ್ಲ. ಅದರ ಬೆನ್ನಿಗೇ ಮೈಯೆಲ್ಲ ಉರಿಯಿತು.

"ಏನೀಗ ಅಂತೀರಾ? ಗೇರು ಸಲೀಸಾಗಿ ಬಿದ್ದಾಗೆಲ್ಲ ನಾನು ಮನೇಲಿ ಹೇಳ್ಕೊಂಡಿದೀನಿ. ಅಪ್ಪ ಬೀದಿಯವರಿಗೆಲ್ಲ ಹೇಳಿದಾರೆ, ನನ್ ಮಗ್ಳು ಇಂಗೆ ಓಡಿಸ್ತಾಳೆ ಅಂತ. ನಾನು ಓಡಿಸ್ಲೇ ಇಲ್ಲ. ನೀವ್ ಓಡಿಸಿದ್ರಿ, ನಾನು ಸ್ಟೇರಿಂಗ್ ಹಿಡ್ಕೊಂಡು ಮೆರೆದೆ. ನಾಳೆ ಲೈಸೆನ್ಸ್ ಬಂದ್ಮೇಲೆ ಹಿಟ್ಟಿನ ವ್ಯಾನಲ್ಲಿ ಯಾರ್ ಒತ್ತುತಾರೆ ಸರ್? ನೀವ್ ಬರ್ತೀರಾ?"

ಸಿದ್ದು ಕಿಟಕಿಯ ಕಡೆ ತಿರುಗಿದ.

"ಇನ್ನೊಂದು ಕೇಳ್ತೀನಿ, ನಿಜ ಹೇಳಿ. ನಾನು ಫೇಲಾಗ್ಲಿ ಅಂತ ಒತ್ತುದ್ರಾ? ಫೇಲಾದ್ರೆ ಮತ್ತೆ ಬರ್ತಾಳೆ ಅಂತ?"

 ಒಬ್ಬ ಸೊಪ್ಪಿನವನು ಕೂಗಿಕೊಂಡು ಹೋದ.

"ಮೊದ್ಲು ಹಂಗಿರಲಿಲ್ಲ," ಅಂದ ಸಿದ್ದು ಕೊನೆಗೆ. ದನಿ ಇಳಿದಿತ್ತು. "ಆಮೇಲೆ... ಗೊತ್ತಿಲ್ಲ. ಇದ್ರೂ ಇರಬಹುದು. ಪಾಸಾದ್ರೆ ನೀವು ಯಾಕ್ ಬರ್ತೀರಿ ಈ ಕಡೆ?"

ಅವನು ಇಲ್ಲ ಅಂದಿದ್ದರೆ ಅವಳು ನಂಬುತ್ತಿರಲಿಲ್ಲ. ಹೌದು ಅಂದಿದ್ದರೆ ಇಳಿದು ಬಸ್ಸು ಹಿಡಿಯುತ್ತಿದ್ದಳು. ಇವನು ಎರಡೂ ಅನ್ನದೆ ನಿಜ ಹೇಳಿಬಿಟ್ಟ. 

"ಚಪ್ಪಲಿ ಬಿಡಿ," ಅಂದಳು.

"ಏನು?"

"ಚಪ್ಪಲಿ ಬಿಟ್ಟು, ಕಾಲು ಎತ್ತಿ, ಸೀಟ್ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ್ಕೊಳಿ. ಊಟಕ್ಕೆ ಕೂತಂಗೆ. ಮನೆ ಮುಟ್ಟೋವರೆಗೂ ಒಂದು ಕಾಲೂ ಕೆಳಗೆ ಬರಂಗಿಲ್ಲ."

"ರೀ, ಹೆಬ್ಬಾಳ ಫ್ಲೈಓವರ್ ಹತ್ತಬೇಕು. ಬ್ರೇಕು..."

"ನಂಗೂ ಒಂದು ಬ್ರೇಕಿದೆ. ಕೂತ್ಕೊಳಿ."

ಕೂತ. ಅಷ್ಟು ಉದ್ದ ಮನುಷ್ಯ ಆ ಚಿಕ್ಕ ಸೀಟಿನಲ್ಲಿ ಮಡಿಚಿಕೊಂಡು ಕೂತದ್ದು ನೋಡಿ ಯಶೋಧಾ ನಗು ತಡೆಯಲು ಮತ್ತೆ ತುಟಿ ಕಚ್ಚಬೇಕಾಯಿತು. ಅವನ ಕನ್ನಡಿಯಲ್ಲಿ ಅವನು ಅದನ್ನು ನೋಡಿದ. ಈ ಸಲ ಕಣ್ಣು ತಿರುಗಿಸಲಿಲ್ಲ. ಅವಳೇ ತಿರುಗಿಸಿದಳು.

*

ಫ್ಲೈಓವರ್ ಏರಿನ ಮಧ್ಯದಲ್ಲಿ ಟ್ರಾಫಿಕ್ ನಿಂತಿತು. ಮುಂದೆ ಏರ್‌ಪೋರ್ಟ್ ಬಸ್ಸು, ಹಿಂದೆ ನೀರಿನ ಟ್ಯಾಂಕರ್. ಮುಂದಿನ ಬಸ್ಸು ಅರ್ಧ ಮಾರು ಹೋಯಿತು. ಯಶೋಧಾ ಕ್ಲಚ್ ಬಿಟ್ಟಳು, ಕಾರು ನಡುಗಿ ನಿಂತಿತು, ಹಿಂದಕ್ಕೆ ಜಾರಿತು. ಬ್ರೇಕ್ ತುಳಿದಳು. ಟ್ಯಾಂಕರಿನ ಹಾರ್ನ್ ಕಿವಿ ಹರಿಯಿತು.

"ಕೆಳಗೇ ಹಿಡಿಯುತ್ತೆ, ಕೆಳಗೇ," ಅಂದ ಸಿದ್ದು. ಎರಡೂ ಕೈಯಲ್ಲಿ ತನ್ನ ಪಾದಗಳನ್ನು ಹಿಡಿದುಕೊಂಡಿದ್ದ, ಬಿಟ್ಟರೆ ಓಡಿಹೋಗುತ್ತವೆ ಅನ್ನುವಂತೆ.

ಮತ್ತೆ ನಿಂತಿತು. ಮತ್ತೆ ಹಾರ್ನ್, ಜೊತೆಗೆ ಒಂದು ಬೈಗುಳ. "ಏಯ್, ಹೋಗಿ ಅಡುಗೆ ಮಾಡಮ್ಮ!"

ಅಷ್ಟೆ. ಸಿದ್ದು ಬಾಗಿಲು ತೆಗೆದು ಬರಿಗಾಲಲ್ಲಿ ಟಾರಿನ ಮೇಲೆ ನಿಂತಿದ್ದ. "ಇಳಿಯೋ ಕೆಳಗೆ! ಯಾರಿಗೋ ಹೇಳಿದ್ದು? ಕೆಂಪು ಎಲ್ ಬೋರ್ಡ್ ಕಾಣ್ಸಲ್ವಾ? ನೀನು ಹುಟ್ತಾನೇ ಟ್ಯಾಂಕರ್ ಓಡಿಸ್ಕೊಂಡು ಬಂದ್ಯಾ?"

ಯಶೋಧಾ ಹಿಂದೆ ನೋಡಲಿಲ್ಲ. ಪಕ್ಕದ ಸೀಟು ಖಾಲಿ. ಎರಡು ಪೆಡಲಿನ ಆ ಗಾಡಿಯಲ್ಲಿ ಈಗ ಒಂದೇ ಕಾಲು. ಹ್ಯಾಂಡ್‌ಬ್ರೇಕ್ ಎಳೆದಳು. ಸ್ಟಾರ್ಟ್ ಮಾಡಿ ಫಸ್ಟ್ ಹಾಕಿದಳು. ಪೆಡಲನ್ನು ಒಂದು ಕೂದಲಿನಷ್ಟು ಬಿಟ್ಟಳು. ಏನೂ ಇಲ್ಲ. ಇನ್ನೊಂದು ಕೂದಲು. ಏನೂ ಇಲ್ಲ. ಹಳೇ ಕ್ಲಚ್ಚಿಗಾಗಿ ಕಾಲು ಮೇಲೆಲ್ಲೋ ಹುಡುಕುತ್ತಿತ್ತು. ಬೇಡ ಅಂತ ಅದನ್ನು ಕೆಳಗೇ ಹಿಡಿದಿಟ್ಟಳು. ಇನ್ನೊಂದು ಕೂದಲು. ಆಗ ಹೆಬ್ಬೆರಳಿನ ಬುಡದಲ್ಲಿ ಒಂದು ಸಣ್ಣ ಗುಂಯ್. ಹಸುವಿನ ಮೈ ಮೇಲೆ ನೊಣ ಕೂತಾಗ ಚರ್ಮ ಅದುರುತ್ತದಲ್ಲ, ಹಾಗೆ ಕಾರಿನ ಮೂತಿ ಅದುರಿತು. ಇಲ್ಲಿದೆ. ಆಕ್ಸಿಲರೇಟರ್ ಕೊಟ್ಟಳು, ಹ್ಯಾಂಡ್‌ಬ್ರೇಕ್ ಇಳಿಸಿದಳು.

ಕಾರು ಹಿಂದೆ ಹೋಗಲಿಲ್ಲ. ಮೇಲೆ ಹೋಯಿತು.

ಮುಂದೆ ಜಾಗ ಬಿಟ್ಟಿತ್ತು. ಹಾಗೇ ಹೋದಳು. ಸೆಕೆಂಡ್. ಥರ್ಡ್. ಹೆಬ್ಬಾಳದ ಕೆರೆ ಎಡಕ್ಕೆ ಉದ್ದಕ್ಕೆ ಹೊಳೆಯಿತು. ಬಾಗಿಲು ಸರಿಯಾಗಿ ಹಾಕಿರಲಿಲ್ಲ, ಪಟಪಟ ಬಡಿಯುತ್ತಿತ್ತು. ಕನ್ನಡಿಯಲ್ಲಿ ಸಿದ್ದು ಕೈ ಎತ್ತಿ ಏನೋ ಕೂಗುತ್ತಾ ಸಣ್ಣವನಾಗುತ್ತಿದ್ದ. ನಿಲ್ಲಿಸಬೇಕಿತ್ತು. ಫ್ಲೈಓವರ್ ಮೇಲೆ ಯಾರು ನಿಲ್ಲಿಸುತ್ತಾರೆ? ಇಳಿದು, ಸರ್ವಿಸ್ ರಸ್ತೆಗೆ ಬಂದು, ಒಂದು ಹೊಂಗೆ ಮರದಡಿ ನಿಲ್ಲಿಸಿದಳು. 

ಸ್ವಲ್ಪ ಹೊತ್ತಿಗೆ ಆ ಟ್ಯಾಂಕರ್ ಬಂದು ಪಕ್ಕದಲ್ಲಿ ನಿಂತಿತು. ಡ್ರೈವರ್ ಕಿಟಕಿಯಿಂದ ಬಗ್ಗಿದ. "ತಗೊಳಮ್ಮ ನಿಮ್ ಸಾಮಾನು. ದಾರಿಯುದ್ದಕ್ಕೂ ಬೈದ. ಕಾಲು ಸುಡ್ತದೆ ಅಂತ ಹತ್ತಿಸ್ಕೊಂಡೆ, ಹತ್ತಿ ಕೂತೂ ಬೈದ. ನಾ ಅಂದಿದ್ದು ತಪ್ಪಾಯ್ತು ತಾಯಿ, ಇವನನ್ನ ಇಳಿಸ್ಕೊಳಿ."

ಸಿದ್ದು ಇಳಿದ. ಕುಂಟಿಕೊಂಡು ಬಂದು ಕಾರಿನ ಪಕ್ಕ ನಿಂತ. ಈಗ ಬೈತಾನೆ ಅಂದುಕೊಂಡಳು.

"ಹಿಂದಕ್ಕೆ ಹೋಗ್ಲೇ ಇಲ್ಲ," ಅಂದ. "ನೋಡ್ತಾ ಇದ್ದೆ. ಒಂದು ಇಂಚೂ ಹೋಗ್ಲಿಲ್ಲ."

ಮುಖ ಬೆವರಿತ್ತು. ಅದರಲ್ಲಿ ಖುಷಿಯಿತ್ತು. ಖುಷಿಯ ಕೆಳಗೆ, ಇವಳು ಪಾಸಾಗುತ್ತಾಳೆ ಅನ್ನುವುದೂ ಇತ್ತು. ಎರಡನ್ನೂ ಯಶೋಧಾ ನೋಡಿದಳು.

"ಗುರುವಾರ ನೀವು ಗಾಡೀಲಿ ಇರಬಾರ್ದು," ಅಂದಳು. "ಆ ಪಕ್ಕದ ಪೆಡಲ್ಲೂ ಇರಬಾರ್ದು. ಬಿಚ್ಚಿಸಿ ತನ್ನಿ."

"ಹೂಂ."

"ಕೋಪನಾ?"

"ನಿಮ್ ಮೇಲಾ? ಅದೇ ಬರ್ತಿಲ್ಲ ಕಣ್ರೀ. ಬಂದಿದ್ರೆ ಎಷ್ಟೋ ಚೆನ್ನಾಗಿತ್ತು."

*

ಗುರುವಾರ ಟೆಸ್ಟ್ ಗ್ರೌಂಡಿನಲ್ಲಿ ಯಶೋಧಾ ಎಂಟು ಹಾಕಿದಳು, ರಿವರ್ಸ್ ಹಾಕಿದಳು. ಏರಿನಲ್ಲಿ ಒಮ್ಮೆ ನಿಲ್ಲಿಸಿ ಹೊರಡಿ ಅಂದರು. ಒಂದು ಕೂದಲು, ಇನ್ನೊಂದು ಕೂದಲು, ಗುಂಯ್. ಹೊರಟಳು. ಇನ್ಸ್‌ಪೆಕ್ಟರ್ ಹೆಸರಿನ ಮುಂದೆ ಗುರುತು ಹಾಕಿಕೊಂಡು, "ಮುಂದಿನವರು," ಅಂದರು. ಇಷ್ಟು ದಿನದ ನಿದ್ದೆಗೇಡು ಅಷ್ಟರಲ್ಲೇ ಮುಗಿಯಿತು.

ಗೇಟಿನಾಚೆ ಸಿದ್ದು ಎಳನೀರಿನವನ ಜೊತೆ ಜಗಳದಲ್ಲಿದ್ದ, ಕಾಯಿ ಬಲಿತಿದೆ ಅಂತ. ಅವಳನ್ನು ಕಂಡು ಮಾತು ಅರ್ಧಕ್ಕೇ ನಿಂತಿತು.

"ಪಾಸು."

"ಗೊತ್ತಿತ್ತು." ಎಳನೀರು ಅವಳ ಕೈಗೆ ಕೊಟ್ಟ. "ಸರಿ ಹಂಗಾದ್ರೆ. ಹುಷಾರಾಗಿ ಓಡಿಸ್ಕೊಂಡಿರಿ."

ಹೋಗಲು ತಿರುಗಿದ. ಅಷ್ಟೇನಾ? ಎದೆಯೊಳಗೆ ಇಷ್ಟು ಇಟ್ಟುಕೊಂಡವನು ಬಲಿತ ಎಳನೀರು ಕೊಟ್ಟು ಹೋಗುವುದಾ? ಈಗ ಯಶೋಧಾಳಿಗೆ ರೇಗಿತು.

"ಸಿದ್ದು!"

ಸರ್ ಇಲ್ಲದ ತನ್ನ ಹೆಸರು ಕೇಳಿ ಅವನು ನಿಂತುಬಿಟ್ಟ.

"ಲೈಸೆನ್ಸ್ ಕೈಗೆ ಬಂದ ದಿನ ಬೆಳಿಗ್ಗೆ ಐದಕ್ಕೆ ಮೊದಲನೇ ಟ್ರಿಪ್ಪು. ವಿದ್ಯಾರಣ್ಯಪುರದ ಬಸ್ ಸ್ಟಾಪಲ್ಲಿ ನಿಂತಿರಿ. ತಡ ಮಾಡಿದ್ರೆ ನಿಲ್ಸಲ್ಲ, ಹಿಟ್ಟು ಹುಳಿ ಬರುತ್ತೆ."

"ಯಾಕೆ? ನಿಮಗೆ ಬರುತ್ತಲ್ಲ ಓಡ್ಸೋಕೆ."

"ಬರುತ್ತೆ. ಅದಕ್ಕೇ ಕರೀತಿದೀನಿ."

*

ವ್ಯಾನಿನ ಕ್ಲಚ್ ಹಳೆಯದು, ಕಲ್ಲು. ಯಶೋಧಾ ಒತ್ತಿದಳು, ಹೋಯಿತು. ಹಿಂದೆ ಹಿಟ್ಟಿನ ಪ್ಯಾಕೆಟ್ಟುಗಳ ಕ್ರೇಟುಗಳು ಗಡಗಡ ಅನ್ನುತ್ತಿದ್ದವು. ಸಿದ್ದು ಪಕ್ಕದಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಿಗಿಯಾಗಿ ಕೂತಿದ್ದ. ಕೊನೆಯ ಅಂಗಡಿ ದಾಟಿತು. ಆಮೇಲೆ ರಸ್ತೆಯ ಕಡೆಗೇ ನೋಡುತ್ತಾ, ಯಾರಿಗೋ ಬೈಯುವ ಗಂಟಲಿನಲ್ಲಿ ಶುರು ಮಾಡಿದ.

"ನೋಡ್ರೀ, ನಂಗೆ ಸುತ್ತಿ ಬಳಸಿ ಬರಲ್ಲ. ಓದಿಲ್ಲ. ಕೋಪ ಜಾಸ್ತಿ, ಊರಿಗೇ ಗೊತ್ತು. ಭಾನುವಾರ ನಮ್ಮಮ್ಮನ್ನ ನಿಮ್ಮನೆಗೆ ಕರ್ಕೊಂಡು ಬರ್ತೀನಿ ಮಾತಾಡೋಕೆ. ಬೇಡ ಅಂದ್ರೆ ಈಗ್ಲೇ ಹೇಳ್ಬಿಡಿ, ಇಲ್ಲೇ ಇಳ್ದು ಹೋಗ್ತೀನಿ."

ಸಿಂಗಾಪುರದ ತಿರುವು ಬಂತು. ಯಶೋಧಾ ಕ್ಲಚ್ ಒತ್ತಿದಳು. ಅದೇ ಗಳಿಗೆಯಲ್ಲಿ ಪಕ್ಕದಲ್ಲಿ ಸಿದ್ದುವಿನ ಎಡಗಾಲು, ಏನೂ ಇಲ್ಲದ ಬರೀ ಮ್ಯಾಟಿನ ಮೇಲೆ, ಮೆಲ್ಲಗೆ ಪೂರ್ತಿ ಒತ್ತಿತು. ಗೇರ್ ಬಿತ್ತು. ಆ ಕಾಲು ಮೆಲ್ಲಗೆ ಮೇಲೆ ಬಂತು. ಅವನಿಗೆ ಗೊತ್ತೇ ಇರಲಿಲ್ಲ.

ಯಶೋಧಾ ತಿರುವು ಮುಗಿಸಿ, ವ್ಯಾನು ನೆಟ್ಟಗೆ ಮಾಡಿಕೊಂಡು, ಆಮೇಲೆ ಹೇಳಿದಳು.

"ಭಾನುವಾರ ಹನ್ನೊಂದರ ಮೇಲೆ ಬನ್ನಿ. ಅಷ್ಟೊತ್ತಿಗೆ ರುಬ್ಬೋದು ಮುಗಿದಿರುತ್ತೆ. ನಮ್ಮಪ್ಪನ ಹತ್ರ ಮಾತ್ರ ಕೂಗಾಡ್ಬೇಡಿ, ಅವ್ರಿಗೆ ಕಣ್ಣು ಮಂಜು, ಕಿವಿ ಚೆನ್ನಾಗಿದೆ."